ದೊಡ್ಡಪ್ಪನಿಗಿನ್ನೂ ಎಚ್ಚರವಾಗಿಲ್ಲ

ದೊಡ್ಡಪ್ಪ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ನಿರ್ದೇಶಕರ ಬೋಳುತಲೆಗೆ ಸರಿಯಾಗಿ ಒಂದು ಗೇಣು ಮೇಲೆ ಅದರ ಬಿಳಿ ಹೊಟ್ಟೆ ಕಾಣುತ್ತಿತ್ತು. ಅರೆಗಣ್ಣಿನಲ್ಲಿ ನೋಡಿದರೆ ನಿರ್ದೇಶಕರು ಟೋಪಿ ಹಾಕಿಕೊಂಡು ಕೂತ ಹಾಗಿತ್ತು. ಕೋಣೆಯಲ್ಲಿದ್ದ ನಾಲ್ವರಲ್ಲಿ ಈ ದೃಶ್ಯ ನೋಡುವ ಭಾಗ್ಯ ಅವನೊಬ್ಬನಿಗೇ. ಮಿಕ್ಕ ಮೂವರು, ಅಂದರೆ ನಡುವೆ ಅಧ್ಯಕ್ಷೆ, ಅವರ ಬಲಕ್ಕೆ ನಿರ್ದೇಶಕರು, ಎಡಕ್ಕೆ ತಜ್ಞರೆಂದು ಕರೆಸಿದ್ದ ಅವನ ಕಾಲೇಜಿನ ಹಳೆಯ ಮೇಷ್ಟ್ರು, ಗಾಜಿನ ತೊಟ್ಟಿಗೆ ಬೆನ್ನು ಮಾಡಿ ಮೇಜಿನ ಆಚೆ ಸಾಲಾಗಿ ಕೂತು ಅವನ ಮುಖವನ್ನೇ ನೋಡುತ್ತಿದ್ದರು. ಅವನನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಇವತ್ತು ತೀರ್ಮಾನವಾಗಬೇಕಿತ್ತು. ಮೀನುಗಾರಿಕೆ ಇಲಾಖೆಯಲ್ಲಿ ಹಂಗಾಮಿ ಅಧಿಕಾರಿಯಾಗಿ ಸವೆಸಿದ ವರ್ಷಗಳು, ಅದಕ್ಕೂ ಮುಂಚೆ ಮೀನುಗಾರಿಕೆ ನಿರ್ವಹಣೆ ಎಂಬ, ನೆಂಟರ ಬಾಯಲ್ಲಿ ಎಂದೂ ಸಲೀಸಾಗಿ ಹೊರಳದ ವಿಷಯವನ್ನು ಓದಿದ ವರ್ಷಗಳು, ಎಲ್ಲವೂ ಈ ಕುರ್ಚಿಯ ತನಕ ಬಂದು ನಿಂತಿದ್ದವು. ಏಳು ಮಹಾರಾಯ, ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಒಂದೇ ಒಂದು ಸಲ ಮಗ್ಗುಲು ಬದಲಿಸು, ಸಾಕು. ದೊಡ್ಡಪ್ಪ ಅಲ್ಲಾಡಲಿಲ್ಲ. "ಗೋಡೆ ಮೇಲೆ ಏನಾದ್ರೂ ಇದೆಯೇನ್ರೀ?" ಎಂದು ಅಧ್ಯಕ್ಷೆ ಕೇಳಿದರು. "ಇಲ್ಲ ಮೇಡಂ, ಉತ್ತರ ಯೋಚನೆ ಮಾಡ್ತಿದ್ದೆ," ಎಂದ. "ನಾವಿನ್ನೂ ಪ್ರಶ್ನೆನೇ ಕೇಳಿಲ್ವಲ್ಲ," ಎಂದು ಅವರು ಕನ್ನಡಕ ಸರಿಮಾಡಿಕೊಂಡರು.

ದೊಡ್ಡಪ್ಪ ಎಂದರೆ ನಿರ್ದೇಶಕರ ಮೀನು. ಮೊಳದುದ್ದದ ಮೈ, ಕಪ್ಪು ಬೆನ್ನು, ಬಾಯಿಯ ಎರಡೂ ಕಡೆ ಇಳಿಬಿದ್ದ ಮೀಸೆ, ಮತ್ತು ಯಾರು ಹತ್ತಿರ ಹೋದರೂ ನಿನ್ನ ಓದು ಎಲ್ಲಿಗೆ ಬಂತೋ ಎಂದು ಕೇಳುವಂಥ ಮುಖ. ಅದಕ್ಕೇ ಕಚೇರಿಯವರು ಆ ಹೆಸರಿಟ್ಟಿದ್ದರು. ನಿರ್ದೇಶಕರೂ ಹಾಗೆಯೇ ಕರೆಯುತ್ತಿದ್ದರು, ಅದೂ ಬಹುವಚನದಲ್ಲಿ. "ದೊಡ್ಡಪ್ಪ ಊಟ ಮಾಡಿದ್ರಾ?" ಎಂದು ಬಂದ ಕೂಡಲೇ ಅಟೆಂಡರನನ್ನು ವಿಚಾರಿಸುತ್ತಿದ್ದ ಅವರು ಸಿಬ್ಬಂದಿಯಲ್ಲಿ ಒಬ್ಬರನ್ನೂ ಆ ಪ್ರಶ್ನೆ ಕೇಳಿದ್ದಿಲ್ಲ. ನಿನ್ನೆ ಸಂಜೆ ಅವನನ್ನು ಕರೆದು, ಗಾಜಿನ ಮೇಲೆ ಬೆರಳಿಟ್ಟು, "ನೋಡಿ, ಇವರ ಮಗ್ಗುಲಲ್ಲಿ ಬಿಳಿ ಬೂಷ್ಟು ಹತ್ತಿದೆ. ನಾಳೆ ಕಮಿಟಿ ಇದೇ ರೂಮಲ್ಲಿ ಕೂರತ್ತೆ. ಮೀನುಗಾರಿಕೆ ನಿರ್ದೇಶಕನ ಮೀನಿಗೇ ಬೂಷ್ಟು ಅಂದ್ರೆ ನನ್ನ ಮರ್ಯಾದೆ ಏನಾಗಬೇಕು? ಬೆಳಿಗ್ಗೆ ಬೇಗ ಬಂದು ಮುಲಾಮು ಹಚ್ಚಿಬಿಡಿ. ನಿಮ್ಮ ಕೈ ಮೃದು ಅಂತ ಎಲ್ಲರೂ ಹೇಳ್ತಾರೆ," ಎಂದಿದ್ದರು. ಮೃದುವಂತೆ! ಆ ಮಾತು ಕೇಳಿದಾಗಿನಿಂದ ಅವನ ಕೈ ಬೆವರುತ್ತಲೇ ಇತ್ತು.

ಬೇರೆ ಯಾರೇ ಆಗಿದ್ದರೂ ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದೆತ್ತಿ, ಮುಲಾಮು ಹಚ್ಚಿ, ಬಿಟ್ಟು, ಟೀ ಕುಡಿಯಲು ಹೋಗಿರುತ್ತಿದ್ದರು. ಅವನು ಯಾರೂ ಬರುವ ಮುಂಚೆ ಬಂದು, ಬಾಗಿಲು ಹಾಕಿಕೊಂಡು, ಬಕೆಟ್ಟಿಗೆ ನೀರು ತುಂಬಿಸಿ, ಜೇಬಿನಿಂದ ಲವಂಗದೆಣ್ಣೆಯ ಪುಟ್ಟ ಸೀಸೆ ತೆಗೆದ. ನೀರಿಗೆ ಕೆಲವು ಹನಿ ಬಿದ್ದರೆ ಮೀನು ನಿದ್ದೆ ಹೋಗುತ್ತದೆ, ಒಳ್ಳೆಯ ನೀರಿಗೆ ಬಿಟ್ಟರೆ ತಾನಾಗಿ ಏಳುತ್ತದೆ; ಆ ಓದು ಓದಿದವರಿಗೆಲ್ಲ ಇದು ಗೊತ್ತು. ಕೈಬಲೆಯ ಕೋಲಿನ ತುತ್ತತುದಿಯನ್ನು ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ದೊಡ್ಡಪ್ಪನನ್ನು ಬಕೆಟ್ಟಿಗೆ ದಾಟಿಸಿದ. ಸೀಸೆ ಬಗ್ಗಿಸುವ ಹೊತ್ತಿಗೆ ಸರಿಯಾಗಿ ಅದು ಒಂದು ಸಲ ಬಾಲ ಬಡಿಯಿತು. ಅಷ್ಟಕ್ಕೇ ಅವನ ಕೈ ಎಗರಿ, ಹನಿಹನಿಯಾಗಿ ಬೀಳಬೇಕಾದದ್ದು ಗಳಗಳನೆ ಸುರಿಯಿತು. ಮುಲಾಮು ಹಚ್ಚಿದ್ದೇನೋ ಬಲು ಚೆನ್ನಾಗಿ ಆಯಿತು, ಬ್ರಶ್ಶಿನಿಂದ ಗೋಡೆಗೆ ಬಣ್ಣ ಬಳಿದ ಹಾಗೆ. ಆದರೆ ತೊಟ್ಟಿಗೆ ಮರಳಿದ ದೊಡ್ಡಪ್ಪ ಏಳಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿದ ಅಟೆಂಡರ್, "ಸಾರ್, ಬಂದ್ರು ಸಾರ್, ಎಲ್ಲರೂ ಬಂದ್ರು! ಮೊದಲನೇ ಹೆಸರೇ ನಿಮ್ದು!" ಎಂದು ಕೂಗಿದ. ಅವನಿಗೆ ಹೊಳೆದದ್ದು ಒಂದೇ, ತೊಟ್ಟಿಯ ದೀಪ ಆರಿಸುವುದು. ಕತ್ತಲಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಎಲ್ಲರೂ ಬಂದು, ನಮಸ್ಕಾರವಾಗಿ, ಕುರ್ಚಿಗಳಲ್ಲಿ ನೆಲೆಗೊಂಡ ಮೇಲೆ, ಕೋಣೆ ಕಳೆಗಟ್ಟಲೆಂದು ಅಟೆಂಡರ್ ಆ ದೀಪವನ್ನು ಮತ್ತೆ ಹಾಕಿ, ತೊಟ್ಟಿಯೊಳಗೆ ನೋಡದೆಯೇ ಬಕೆಟ್ಟು ಎತ್ತಿಕೊಂಡು ಹೊರಟುಹೋದ. ಪುಣ್ಯಾತ್ಮ.

"ಅದೇನು ವಾಸನೆ?" ಅಧ್ಯಕ್ಷೆ ಮೂಗು ಅರಳಿಸಿದರು. "ಹಲ್ಲಿನ ಡಾಕ್ಟರ ಹತ್ರ ಹೋದ ಹಾಗಿದೆಯಲ್ಲ."

"ನನ್ನದೇ ಮೇಡಂ," ಎಂದುಬಿಟ್ಟ. "ಹಲ್ಲುನೋವು. ಲವಂಗದೆಣ್ಣೆ ಹಚ್ಕೊಂಡಿದೀನಿ."

"ಅಯ್ಯೋ ಪಾಪ. ಯಾವ ಹಲ್ಲು?"

ಮೀನಿನ ಸಂತತಿ, ಜಲಾಶಯದ ಇಳುವರಿ, ಬಲೆಯ ಕಣ್ಣಿನ ಅಳತೆ, ಎಲ್ಲವನ್ನೂ ಅವನು ಓದಿಕೊಂಡು ಬಂದಿದ್ದ. ಈ ಪ್ರಶ್ನೆಗೆ ತಯಾರಿ ಇರಲಿಲ್ಲ. "ಬಲಗಡೇದು," ಎಂದ.

"ಬಲಗಡೆ ಅಂತೀರಿ, ಎಡಗೆನ್ನೆ ಹಿಡ್ಕೊಂಡಿದೀರಿ?"

"ಅಲ್ಲಿಂದ ಇಲ್ಲಿಗೆ ಬಂದಿದೆ ಮೇಡಂ."

"ಏನಂತೆ?" ಎಂದು ಕಿವಿ ಮಂದವಾದ ಮೇಷ್ಟ್ರು ಕೇಳಿದರು. "ಹಲ್ಲುನೋವಂತೆ ಸಾರ್," ಎಂದು ನಿರ್ದೇಶಕರು ದನಿಯೆತ್ತಿದರು. "ಕೀಳಿಸಿಬಿಡಯ್ಯ, ಇಟ್ಕೊಂಡು ಏನ್ ಮಾಡ್ತೀಯ," ಎಂದು ಮೇಷ್ಟ್ರು ಅವನತ್ತ ನೋಡಿ ವಾತ್ಸಲ್ಯದಿಂದ ನಕ್ಕರು. ಆ ನಗು ಬೇರೆ. ಅವನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು, ಏಕೆಂದರೆ ಲೋಕದಲ್ಲಿ ಅವನು ಯಾರಿಗಾದರೂ ಎಲ್ಲರಿಗಿಂತ ಹೆಚ್ಚು ಮೋಸ ಮಾಡಿದ್ದರೆ ಅದು ಈ ಮುದುಕರಿಗೆ.

ಅವನು ಈ ಓದಿಗೆ ಬಂದದ್ದು ಮೀನಿನ ಮೇಲಿನ ಆಸೆಯಿಂದಲ್ಲ, ಗ್ರಾಫುಗಳ ಮೇಲಿನ ಆಸೆಯಿಂದ. ಎಷ್ಟು ಹಿಡಿದರೆ ಎಷ್ಟು ಉಳಿಯುತ್ತದೆ, ಈ ವರ್ಷ ಬಿಟ್ಟರೆ ಮುಂದಿನ ವರ್ಷ ಎಷ್ಟಾಗುತ್ತದೆ ಎಂದು ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಎಳೆಯುತ್ತಿದ್ದ ಆ ಗುಡ್ಡದಂಥ ಗೆರೆ ಅವನಿಗೆ ಬಹಳ ಸುಂದರವಾಗಿ ಕಂಡಿತ್ತು. ಹಲಗೆಯ ಮೇಲಿನ ಮೀನು ಒದ್ದಾಡುವುದಿಲ್ಲ, ಜಾರುವುದಿಲ್ಲ. "ಮೀನು ತನ್ನ ಪಾಡಿಗೆ ತಾನು ಬದುಕ್ಕೊಂಡಿಲ್ವೇನೋ? ಅದಕ್ಕೂ ಒಬ್ಬ ಮ್ಯಾನೇಜರ್ ಬೇಕಾ?" ಎಂದು ಸೋದರಮಾವ ಎಲ್ಲರೆದುರಿಗೆ ಕೇಳಿದಾಗ ಅವನು, "ಮೀನನ್ನಲ್ಲ ಮಾವ, ಮನುಷ್ಯರನ್ನ ನಿಭಾಯಿಸಬೇಕು," ಎಂದು ಜಂಬದಿಂದ ಉತ್ತರ ಕೊಟ್ಟಿದ್ದ. ಆಮೇಲೆ ಬಂತು ಪ್ರಾಯೋಗಿಕ ತರಗತಿ. ಉದ್ದನೆಯ ಸಿಮೆಂಟು ತೊಟ್ಟಿ, ಒದ್ದೆ ನೆಲ, ತೊಟ್ಟಿಯ ಅಂಚಿನಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗಂಭೀರವಾಗಿ ನಿಂತ ಮೇಷ್ಟ್ರು. "ಹಿಡೀರಯ್ಯಾ, ಹಿಡೀರಿ, ಹೆದರಬೇಡಿ!" ಅವನು ಹಿಡಿದ. ಜಿಗುಟೂ ಅಲ್ಲ, ವಾಸನೆಯೂ ಅಲ್ಲ, ಅವನ ಎದೆ ಒಡೆದದ್ದು ಬೇರೆಯೇ ಕಾರಣಕ್ಕೆ: ಅಂಗೈಯಲ್ಲಿದ್ದದ್ದು ಮೂತಿಯಿಂದ ಬಾಲದ ತನಕ ಒಂದೇ ಒಲ್ಲೆ ಎಂಬ ಮಾತಾಗಿತ್ತು. ಅಷ್ಟು ಪೂರ್ತಿಯಾಗಿ ತನ್ನನ್ನು ಬೇಡವೆಂದ ಜೀವವನ್ನು ಅವನು ಅದುವರೆಗೆ ಮುಟ್ಟಿರಲಿಲ್ಲ. ಚೀರಿ ಬಿಟ್ಟುಬಿಟ್ಟಿದ್ದ. ಪಕ್ಕದ ತೊಟ್ಟಿಯ ಗಲಾಟೆಯಲ್ಲಿ ಅದು ಯಾರಿಗೂ ಕೇಳಿಸದಿದ್ದದ್ದು ಅವನ ಅದೃಷ್ಟವೋ ದುರದೃಷ್ಟವೋ.

ಮುಂದಿನ ತರಗತಿಗೆ ಅವನು ಅಮ್ಮನ ಹಲ್ಲುನೋವಿನ ಸೀಸೆ ಕದ್ದುಕೊಂಡು ಹೋದ. ಎಲ್ಲೋ ಓದಿದ್ದ. ಉಳಿದವರು ಮೀನಿನ ಜೊತೆ ಕುಸ್ತಿಯಾಡಿ ಅಡಿಯಿಂದ ಮುಡಿಯವರೆಗೆ ನೆನೆಯುತ್ತಿರುವಾಗ, ಅವನ ಮೀನು ತಣ್ಣಗೆ ಮಲಗಿ ಅಳತೆ ಕೊಡುತ್ತಿತ್ತು. ಮೇಷ್ಟ್ರು ಬಂದು ನಿಂತು ನೋಡಿದರು. ಸಿಕ್ಕಿಬಿದ್ದೆ ಎಂದುಕೊಂಡ. "ನೋಡ್ರಯ್ಯಾ! ಇವನನ್ನ ನೋಡಿ ಕಲೀರಿ! ಮೂಕಜೀವಕ್ಕೆ ನೋವಾಗಬಾರದು ಅನ್ನೋ ಕರುಣೆ ನೋಡಿ!" ಎನ್ನುವಾಗ ಮೇಷ್ಟ್ರ ದನಿ ನಡುಗಿತ್ತು. ಅಲ್ಲಿಗೆ ಮುಗಿಯಿತು ಅವನ ಕಥೆ. ಆ ವರ್ಷ ಕರುಣೆಗೆಂದೇ ಅವನಿಗೊಂದು ಬಹುಮಾನದ ಕಪ್ಪು ಸಿಕ್ಕಿತು. ಅಮ್ಮ ಅದನ್ನು ಬಂದವರಿಗೆಲ್ಲ ತೋರಿಸಿದಳು, ಮಾವನಿಗೆ ಎರಡು ಸಲ. ಕರುಣೆಯ ಮೇಲೆ ಅವನು ಪ್ರಬಂಧ ಬರೆದ. ಕರುಣೆಯ ಮೇಲೆ ಭಾಷಣ ಮಾಡಿದ. ಇಲಾಖೆಯಲ್ಲಿ ಕೆಲಸ ಸಿಕ್ಕಿದ್ದೂ ಅದರಿಂದಲೇ, ಹೊಸಬರಿಗೆ ತರಬೇತಿ ಕೊಡುತ್ತಿದ್ದದ್ದೂ ಅದರದ್ದೇ. ಎಲ್ಲೆಡೆ ಅವನ ಮುಂದೆ ಒಂದು ಮಲಗಿದ ಮೀನು, ಜೇಬಿನಲ್ಲಿ ಒಂದು ಸೀಸೆ. ಈ ನಾಟಕದ ಒಳಗುಟ್ಟು ಬಲ್ಲವಳು ಹೆಂಡತಿ ಒಬ್ಬಳೇ. ಮದುವೆಯಾದ ಹೊಸತರಲ್ಲಿ ಅವಳು ಪೇಟೆಯಿಂದ ತಂದ ಚೀಲದಿಂದ ಇನ್ನೂ ಜೀವವಿದ್ದ ಒಂದು ಮೀನು ಅಡುಗೆಮನೆಯ ನೆಲಕ್ಕೆ ನೆಗೆದಿತ್ತು. ಅವಳು ತಿರುಗಿ ನೋಡುವಷ್ಟರಲ್ಲಿ ಮೀನುಗಾರಿಕೆ ಅಧಿಕಾರಿ ಸ್ಟೂಲಿನ ಮೇಲೆ ನಿಂತಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು. ಯಾರಿಗೂ ಹೇಳುವುದಿಲ್ಲವೆಂದು ಆಣೆ ಇಟ್ಟಳು, ಹೇಳಲೂ ಇಲ್ಲ. ಆದರೆ ಜಗಳದಲ್ಲಿ ಅವನ ದನಿ ಸ್ವಲ್ಪ ಏರಿದರೆ ಸಾಕು, "ಸ್ಟೂಲ್ ತರ್ಲಾ?" ಎನ್ನುತ್ತಿದ್ದಳು. ಇವತ್ತು ಬೆಳಿಗ್ಗೆ ಅವನ ಕಾಲರ್ ಸರಿಮಾಡುತ್ತಾ ಮಾತ್ರ ಅವಳು ನಗಲಿಲ್ಲ. "ಇವತ್ತೊಂದು ಆಗಿಬಿಡಲಿ ಕಣ್ರೀ. ಪ್ರತಿ ವರ್ಷ ಈ ಎದೆಬಡಿತ ನನಗೆ ಸಾಕಾಗಿದೆ," ಎಂದಿದ್ದಳು. ಅದು ಜಗಳಕ್ಕಿಂತ ಹೆಚ್ಚು ತಾಗಿತ್ತು.

"ಒಂದು ಕೆರೆಯಲ್ಲಿ ಮೀನು ಕಡಿಮೆ ಆಗ್ತಿದೆ ಅಂತ ನಿಮಗೆ ಹೇಗೆ ಗೊತ್ತಾಗತ್ತೆ?" ಎಂದು ಅಧ್ಯಕ್ಷೆ ಕೇಳಿದರು. ಕಣ್ಣೆದುರಿಗೇ ಒಂದು ಕಡಿಮೆಯಾಗುತ್ತಿತ್ತು. ಅವನು ದೊಡ್ಡಪ್ಪನ ಕಿವಿರಿನ ಮೇಲೆ ಕಣ್ಣು ನೆಟ್ಟ. ಕಿವಿರಿನ ಮುಚ್ಚಳ ಒಂದಿಷ್ಟು ತೆರೆದು ಮುಚ್ಚಿತು. ಅಬ್ಬ, ಇನ್ನೂ ಇದೆ! ಆ ಖುಷಿಯಲ್ಲಿ ಅವನು ಒಂದು ವಾಕ್ಯ ಹೇಳಿದ. ಮುಂದಿನ ಸಲ ತೆರೆಯುವವರೆಗೆ ಎರಡನೆಯ ವಾಕ್ಯ ಗಂಟಲಿನಿಂದ ಏಳಲಿಲ್ಲ. ತೆರೆಯಿತು, ಹೇಳಿದ. ಹೀಗೆ ಅವನ ಉತ್ತರ ದೊಡ್ಡಪ್ಪನ ಉಸಿರಿಗೆ ಕಟ್ಟಿಕೊಂಡು ಸಾಗಿತು: ಬಲೆಗೆ ಬೀಳುವ ಮೀನಿನ ಗಾತ್ರ ಸಣ್ಣದಾಗುತ್ತಾ ಬರುತ್ತದೆ... ಅದೇ ಶ್ರಮಕ್ಕೆ ಸಿಗುವುದು ಕಡಿಮೆಯಾಗುತ್ತದೆ... ಮೊಟ್ಟೆಯಿಡುವ ವಯಸ್ಸಿನವು ಕಾಣುವುದಿಲ್ಲ... ನಡುವಿನ ಮೌನಗಳು ಉದ್ದವಾಗುತ್ತಾ ಹೋದವು. "ಎಷ್ಟು ತೂಕವಾಗಿ ಮಾತಾಡ್ತಾರೆ, ಅಲ್ವಾ?" ಎಂದು ಅಧ್ಯಕ್ಷೆ ನಿರ್ದೇಶಕರ ಕಡೆ ಬಾಗಿದರು. "ಸಂದರ್ಶನಕ್ಕೆ ಬಂದೋರೆಲ್ಲ ಪಟಪಟ ಅಂತ ಒದರ್ತಾರೆ." "ಯೋಚಿಸೋ ಮನುಷ್ಯ ಮೇಡಂ," ಎಂದರು ನಿರ್ದೇಶಕರು. ಮಾತು ಮುಗಿಸುವಾಗ ಅವರ ಬೋಳುತಲೆ ಸ್ವಲ್ಪ ಹಿಂದಕ್ಕೆ, ತೊಟ್ಟಿಯ ಕಡೆಗೆ ವಾಲಿತು. ಪುಣ್ಯಕ್ಕೆ ಅವರು ತಿರುಗಲಿಲ್ಲ, ಕತ್ತು ಕೆರೆದುಕೊಂಡರು ಅಷ್ಟೆ. ಇದೇ ವೇಗದಲ್ಲಿ ಹೋದರೆ ನಾನು ಗೆಲ್ಲುತ್ತೇನೆ ಎಂದು ಅವನಿಗೆ ಅನಿಸಿತು. ಆ ಮುದಿಮೀನು ಸಾಯುತ್ತಾ ಸಾಯುತ್ತಾ ನನ್ನನ್ನು ಕಾಯಂ ಮಾಡಿಸುತ್ತದೆ. ಛೀ, ಎಂಥ ಯೋಚನೆ, ಎಂದು ತನ್ನನ್ನೇ ಬೈದುಕೊಂಡ. ಆದರೂ ಯೋಚನೆ ಹೋಗಲಿಲ್ಲ, ಬೀಗರ ಹಾಗೆ ಬಂದು ಕೂತಿತು.

"ಅದೆಲ್ಲ ಇರಲಿ," ಮೇಷ್ಟ್ರು ಮುಂದಕ್ಕೆ ಬಾಗಿದರು, ಕೈಗಳನ್ನು ಎಂದಿನಂತೆ ಬೆನ್ನ ಹಿಂದೆಯೇ ಇಟ್ಟುಕೊಂಡು. "ಇವರಿಗೆ ನಿನ್ನ ಕರುಣೆಯ ವಿಷಯ ಹೇಳು. ನನ್ನ ಕಾಲದಲ್ಲಿ ನಾನು ನೋಡಿದ ಒಬ್ಬನೇ ಒಬ್ಬ ಹುಡುಗ ಮೇಡಂ ಇವನು, ಮೀನಿನ ನೋವು ಅಂದ್ರೇನು ಅಂತ ತಿಳಿದವನು. ಹೇಳಯ್ಯ, ಸಂಕೋಚ ಬೇಡ."

ಅವನು ಬಾಯಿ ತೆರೆದು ಕಾದ. ಕಿವಿರಿನ ಮುಚ್ಚಳ ತೆರೆಯಲಿಲ್ಲ. ಇನ್ನೂ ಸ್ವಲ್ಪ ಕಾದ. ಇಲ್ಲ. ಗಾಳಿ ಪಂಪಿನ ಗುಳ್ಳೆಗಳು ಮಾತ್ರ ದೊಡ್ಡಪ್ಪನ ಮೀಸೆ ಸವರಿಕೊಂಡು ಮೇಲಕ್ಕೆ ಹೋಗುತ್ತಿದ್ದವು. ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದ. ಅರಿವಳಿಕೆ ಹೆಚ್ಚಾದ ಮೀನನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ನೀರಿನಲ್ಲಿ ಮುಂದಕ್ಕೆ ಮುಂದಕ್ಕೆ ನಡೆಸಬೇಕು, ನೀರು ಬಾಯಿಂದ ಹೊಕ್ಕು ಕಿವಿರಿನಿಂದ ಹೊರಬರಬೇಕು, ಅದು ತಾನಾಗಿ ಉಸಿರಾಡುವವರೆಗೆ. ಎರಡೂ ಕೈಯಲ್ಲಿ. ಬರೆಯುವಾಗ ಆ ಪದಗಳಿಗೆ ತೂಕವೇ ಇರಲಿಲ್ಲ. ಈಗ ಎದ್ದರೆ ಎಣ್ಣೆ ಸುರಿದದ್ದು, ಹಲ್ಲುನೋವಿನ ಸುಳ್ಳು, ದೀಪ ಆರಿಸಿದ್ದು, ಎಲ್ಲ ಬಯಲಾಗುತ್ತದೆ, ಕೆಲಸ ಹೋಗುತ್ತದೆ, ಮಾವ ನಗುತ್ತಾನೆ, ಅಮ್ಮ ಕಪ್ಪನ್ನು ಬೀರುವಿನೊಳಗೆ ಇಡುತ್ತಾಳೆ, ಬೆಳಿಗ್ಗೆ ಕಾಲರ್ ಸರಿಮಾಡಿದವಳ ಮುಖ ಹೇಗೆ ನೋಡುವುದು. ಕೂತರೆ ಒಂದು ಮೀನು ಹೋಗುತ್ತದೆ, ಅಷ್ಟೆ. ವಯಸ್ಸಾಗಿತ್ತು ಎನ್ನಬಹುದು. ಬೂಷ್ಟು ಒಳಗೆ ಇಳಿದಿತ್ತು ಎನ್ನಬಹುದು. ಅವನು ಕರುಣೆಯ ಮೊದಲ ವಾಕ್ಯ ಶುರುಮಾಡಿದ, "ಮೂಕಜೀವಕ್ಕೆ ನೋವಾಗಬಾರದು ಅನ್ನೋದು..." ಅಷ್ಟರಲ್ಲಿ ಅವನಿಗೆ ತನ್ನ ಮೇಲೇ ಎಂಥ ಹೇಸಿಗೆ ಹುಟ್ಟಿತೆಂದರೆ, ಕಾಲುಗಳು ಅವನನ್ನು ಕೇಳದೆಯೇ ಎದ್ದುಬಿಟ್ಟವು.

ಕುರ್ಚಿ ಹಿಂದಕ್ಕೆ ಬಿತ್ತು. ಮೇಜು ಸುತ್ತಿಕೊಂಡು ಮೇಷ್ಟ್ರ ಬೆನ್ನ ಹಿಂದೆ ಅಡ್ಡಡ್ಡವಾಗಿ ತೂರಿ, ಯಾರದೋ ನೀರಿನ ಲೋಟ ಉರುಳಿಸಿ, ಇಸ್ತ್ರಿಯ ತೋಳನ್ನು ಮಡಿಸಲೂ ಇಲ್ಲದೆ ಅವನು ಎರಡೂ ಕೈಗಳನ್ನು ತೊಟ್ಟಿಗೆ ಅದ್ದಿದ. ಹಿಡಿದ. ಅದು ಮೆತ್ತಗಿತ್ತು, ಭಾರವಾಗಿತ್ತು, ಒಲ್ಲೆ ಎನ್ನಲೂ ತ್ರಾಣವಿಲ್ಲದೆ ಬಿದ್ದುಕೊಂಡಿತ್ತು. ನೆಟ್ಟಗೆ ಮಾಡಿ ಮುಂದಕ್ಕೆ ನಡೆಸಿದ, ಗಾಜು ಬಂದಾಗ ತಿರುಗಿಸಿ ಮತ್ತೆ ಮುಂದಕ್ಕೆ. "ಅಯ್ಯಯ್ಯೋ ದೊಡ್ಡಪ್ಪಾ!" ಎಂದು ಹಿಂದಿನಿಂದ ನಿರ್ದೇಶಕರು ಕೂಗಿದ್ದು ಎಷ್ಟು ಕರುಳು ಹಿಂಡುವಂತಿತ್ತೆಂದರೆ ಹೊರಗೆ ಸರದಿಗೆ ಕಾದಿದ್ದವರು ಎದ್ದು ನಿಂತರಂತೆ. "ಬದುಕ್ತಾರಾ? ಏನ್ರೀ, ಬದುಕ್ತಾರಾ?" "ಎಣ್ಣೆ ಜಾಸ್ತಿ ಆಯ್ತು ಸಾರ್. ನಂದೇ ತಪ್ಪು. ಕೈ ಎಗರಿತು," ಎಂದ, ತಿರುಗದೆ. ಆಮೇಲೆ ಕುರ್ಚಿ ಎಳೆದ ಸದ್ದು; ಅಧ್ಯಕ್ಷೆ ತಮ್ಮ ಕುರ್ಚಿಯನ್ನು ತೊಟ್ಟಿಯ ಕಡೆಗೆ ತಿರುಗಿಸಿಕೊಂಡಿದ್ದರು. "ಇನ್ನೂ ಎಷ್ಟು ಹೊತ್ತು ಹೀಗೆ ಮಾಡಬೇಕು?" ಎಂದು ಕೇಳಿದರು. "ಏಳೋ ತನಕ ಮೇಡಂ." "ಹಾಗಾದ್ರೆ ಸಂದರ್ಶನ ನಿಲ್ಲಿಸೋದು ಬೇಡ. ಜಲಾಶಯಕ್ಕೆ ಮರಿಮೀನು ಬಿಡೋದಕ್ಕೆ ಮುಂಚೆ ಏನೇನು ನೋಡ್ಬೇಕು, ಹೇಳಿ." ಅವನು ಹೇಳಿದ. ದೊಡ್ಡಪ್ಪನನ್ನು ಅತ್ತಿಂದಿತ್ತ ಓಡಾಡಿಸುತ್ತಾ, ಮೊಣಕೈಯಿಂದ ನೀರು ಸುರಿಸುತ್ತಾ, ಮೊದಲ ಸಲ ಯಾರ ಉಸಿರಿಗೂ ಕಾಯದೆ ಹೇಳಿದ. ನಿರ್ದೇಶಕರು ಪಕ್ಕದಲ್ಲಿ ನಿಂತು, ಕೂಸನ್ನು ಸ್ನಾನ ಮಾಡಿಸುವವರಿಗೆ ಹೇಳುವಂತೆ, "ನಿಧಾನ, ಕುತ್ತಿಗೆ, ಕುತ್ತಿಗೆ," ಎನ್ನುತ್ತಿದ್ದರು, ಮೀನಿಗೆ ಕುತ್ತಿಗೆ ಇರುವುದಿಲ್ಲವೆಂದು ಆ ಗಳಿಗೆಯಲ್ಲಿ ಯಾರೂ ನೆನಪಿಸಲಿಲ್ಲ.

ಮರಿಮೀನಿನ ಮಾತು ಮುಗಿದು ಬಲೆಯ ಮಾತು ಶುರುವಾಗುವ ಹೊತ್ತಿಗೆ ಅವನ ಅಂಗೈಯೊಳಗೆ ಏನೋ ಮಿಡುಕಿತು. ಕಿವಿರು. ಮತ್ತೆ. ಆಮೇಲೆ ಅವನು ಅಷ್ಟು ವರ್ಷ ಯಾವುದಕ್ಕೆ ಹೆದರಿ ಸೀಸೆ ಹೊತ್ತು ತಿರುಗಿದ್ದನೋ ಅದು ಬಂತು: ಮೂತಿಯಿಂದ ಬಾಲದ ತನಕ ದೊಡ್ಡಪ್ಪ ಒಂದೇ ಏಟಿಗೆ ಒಲ್ಲೆ ಎಂದಿತು. "ಅಮ್ಮಾ!" ಎಂದು ಅವನು ಚೀರಿದ. ಈ ಸಲ ಎಲ್ಲರಿಗೂ ಕೇಳಿಸಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ, ಹಲ್ಲು ಕಚ್ಚಿದ, ಆದರೆ ಕೈ ಬಿಡಲಿಲ್ಲ, ಇನ್ನೂ ಸರಿಯಾಗಿ ಎಚ್ಚರವಾಗಿಲ್ಲ, ಬಿಟ್ಟರೆ ಮತ್ತೆ ಮಗುಚುತ್ತದೆ, ಮುಂದಕ್ಕೆ, ಮುಂದಕ್ಕೆ, ಎಂದುಕೊಳ್ಳುತ್ತಾ ನಡೆಸುತ್ತಲೇ ಇದ್ದ.

"ರೀ," ಎಂದು ಅಧ್ಯಕ್ಷೆಯ ದನಿ ಮೆಲ್ಲಗೆ ಬಂತು. "ಅದು ಹೋಗಿ ಆಗಲೇ ಎಷ್ಟೋ ಹೊತ್ತಾಯ್ತು."

ಕಣ್ಣು ಬಿಟ್ಟ. ಅವನ ಎರಡು ಕೈಗಳು ಖಾಲಿ ನೀರನ್ನು ಜೋಪಾನವಾಗಿ ಹಿಡಿದು ಅತ್ತಿಂದಿತ್ತ ಓಡಾಡಿಸುತ್ತಿದ್ದವು. ದೊಡ್ಡಪ್ಪ ಮೂಲೆಯಲ್ಲಿ ಮೀಸೆ ಇಳಿಬಿಟ್ಟುಕೊಂಡು ನಿಂತು, ಓದು ಎಲ್ಲಿಗೆ ಬಂತೋ ಎಂಬ ಮುಖದಲ್ಲಿ ಅವನನ್ನೇ ನೋಡುತ್ತಿತ್ತು. ಮಗ್ಗುಲಿನ ಮುಲಾಮು ಒಂದಿಷ್ಟೂ ಅಳಿಸಿರಲಿಲ್ಲ.

"ಈಗ ಹಲ್ಲುನೋವಿಗೆ ಬರೋಣ," ಎಂದರು ಅಧ್ಯಕ್ಷೆ.

"ಹಲ್ಲುನೋವಿಲ್ಲ ಮೇಡಂ. ಕರುಣೆನೂ ಇಲ್ಲ," ಎಂದ. ಮೇಷ್ಟ್ರ ಮುಖ ನೋಡಲು ಧೈರ್ಯವಾಗದೆ ನೀರನ್ನೇ ನೋಡುತ್ತಿದ್ದ. "ಭಯ. ಕಾಲೇಜಿನಿಂದಲೂ ಬರೀ ಭಯ. ಜೀವ ಇರೋ ಮೀನು ಮುಟ್ಟಕ್ಕೆ ಆಗಲ್ಲ, ಅದಕ್ಕೇ ಮಲಗಿಸ್ತಿದ್ದೆ."

"ಏನಂತೆ?" ಎಂದರು ಮೇಷ್ಟ್ರು.

"ಭಯವಂತೆ ಸಾರ್! ಮೀನು ಮುಟ್ಟೋಕೆ ಭಯವಂತೆ!" ನಿರ್ದೇಶಕರು ಅವರ ಕಿವಿಯಲ್ಲಿ ಕೂಗಿದರು.

ಮೇಷ್ಟ್ರು ಬೆನ್ನ ಹಿಂದಿನ ಕೈಗಳನ್ನು ಮುಂದಕ್ಕೆ ತಂದು ತೊಡೆಯ ಮೇಲಿಟ್ಟು, ಬೇರೆ ಯಾರದೋ ಕೈಗಳೆಂಬಂತೆ ನೋಡಿಕೊಂಡರು. "ನನಗೂ ಅಷ್ಟೇ ಕಣಯ್ಯ," ಎಂದರು. "ಲವಂಗದೆಣ್ಣೆ ನನಗೆ ಹೊಳೀಲೇ ಇಲ್ಲ. ಹೊಳೆದಿದ್ರೆ ಆ ಕಪ್ಪು ನಾನೇ ಇಟ್ಕೋತಿದ್ದೆ."

ಅಧ್ಯಕ್ಷೆ ಕನ್ನಡಕ ತೆಗೆದು ಮೇಷ್ಟ್ರನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ನಿರ್ದೇಶಕರ ಕಡೆ ತಿರುಗಿದರು. ನಿರ್ದೇಶಕರು ತಮ್ಮ ಉಗುರುಗಳನ್ನು ಪರೀಕ್ಷಿಸತೊಡಗಿದರು. "ನೀವೂನಾ?" ಎಂದು ಅಧ್ಯಕ್ಷೆ ಕೇಳಿದರು. ಅವರು ಇನ್ನೊಂದು ಕೈಯ ಉಗುರುಗಳಿಗೆ ಹೋದರು. "ಅಲ್ರೀ, ಹಾಗಾದ್ರೆ ಇಷ್ಟು ದೊಡ್ಡ ಇಲಾಖೆಯಲ್ಲಿ ಈ ಮೇಜಿನ ಕಡೆ ಮೀನು ಮುಟ್ಟೋರು ಒಬ್ಬರೂ ಇಲ್ವಾ?"

"ಇವತ್ತು ಬೆಳಿಗ್ಗೆವರೆಗೂ ಇರಲಿಲ್ಲ ಮೇಡಂ," ಎಂದರು ನಿರ್ದೇಶಕರು, ತಗ್ಗಿದ ದನಿಯಲ್ಲಿ. "ಈಗ ಒಬ್ಬರಿದ್ದಾರೆ. ಇವರನ್ನ ಕಳಿಸಿಬಿಟ್ರೆ ದೊಡ್ಡಪ್ಪನ್ನ ನೋಡ್ಕೊಳ್ಳೋರು ಯಾರು?"

ಅಧ್ಯಕ್ಷೆ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಕಾಯಂ ಆಯ್ತು, ಹೋಗಿ ಬಟ್ಟೆ ಒಣಗಿಸಿಕೊಳ್ಳಿ, ಎಂದು ಕೈ ಬೀಸಿದರು. ಅವನು ಹೊರಗೆ ಬಂದು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ, ಒದ್ದೆ ಬೆರಳಿನಿಂದ ಹೆಂಡತಿಗೆ ಫೋನು ಹಚ್ಚಿದ. ಒಂದೇ ರಿಂಗಿಗೆ ಎತ್ತಿ, "ಏನಾಯ್ತು ರೀ?" ಎಂದಳು.

"ಆ ಸ್ಟೂಲ್ ಇದೆಯಲ್ಲ," ಎಂದ. "ಅದನ್ನ ಅಟ್ಟಕ್ಕೆ ಹಾಕಿಬಿಡು."